ಪಹಣಿಯ ಮನೆ: ಶರಾವತಿ ಕಣಿವೆಯಲ್ಲಿ ಶಾನುಭೋಗರ ಪೆಟ್ಟಿಗೆಯಿಂದ ಕ್ಲೌಡ್‌ವರೆಗೆ

ಶರಾವತಿ ಕಣಿವೆಯ ಜಮೀನಿನ ದಾಖಲೆಗಳು ಕಳೆದ ಅರವತ್ತು ವರ್ಷಗಳಲ್ಲಿ ಮೇಲಿಂದ ಮೇಲೆ ಮನೆ ಬದಲಿಸಿವೆ. ಶಾನುಭೋಗರ ಪೆಟ್ಟಿಗೆಯಿಂದ ಗ್ರಾಮಲೆಕ್ಕಿಗರ ಕೈಗೆ, ಅಲ್ಲಿಂದ ತಾಲ್ಲೂಕು ಕಚೇರಿಯ ಸರ್ವರ್‌ಗೆ, ಬಳಿಕ ಬೆಂಗಳೂರಿನ ಡೇಟಾ ಸೆಂಟರ್‌ಗೆ ಅವು ಹೋದವು. ಈಗ ಸರ್ಕಾರಿ ಸೇವೆಗಳೆಲ್ಲ ಕ್ಲೌಡ್ ಎಂಬ ಬಾಡಿಗೆ ವ್ಯವಸ್ಥೆಯತ್ತ ಸಾಗುತ್ತಿವೆ. ವೆಬ್ ಅಪ್ಲಿಕೇಶನ್ ಒಂದನ್ನು ಎಲ್ಲಿ ಇರಿಸಬೇಕೆಂಬ ಇಂದಿನ ಪ್ರಶ್ನೆಗೆ ಈ ಪಯಣವೇ ಒಳ್ಳೆಯ ಪಾಠ. ಪ್ರತಿ ಬದಲಾವಣೆಯೂ ಒಂದು ತೊಡಕನ್ನು ಬಿಡಿಸಿತು, ಜೊತೆಗೆ ಹೊಸದೊಂದು ಅವಲಂಬನೆಯನ್ನೂ ತಂದಿತು.

1960ರ ದಶಕದ ಆರಂಭದವರೆಗೆ ಹಳ್ಳಿಯ ಲೆಕ್ಕಪತ್ರ ವಂಶಪಾರಂಪರ್ಯವಾಗಿ ಶಾನುಭೋಗರಲ್ಲಿತ್ತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದ ಮೇಲೆ ಆ ಹೊಣೆ ಸಂಬಳದ ಗ್ರಾಮಲೆಕ್ಕಿಗರಿಗೆ ಬಂತು. ಭೂ ಕಂದಾಯ ಕಾಯಿದೆ ಬಂದದ್ದು 1964ರಲ್ಲಿ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಡ್ಡಲಾಗಿ ಅಣೆಕಟ್ಟು ಎದ್ದದ್ದೂ ಅದೇ ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರದ ಮೂಲಕ ಹರಿದು ಬರುವ ನದಿ ಇಲ್ಲಿ 1819 ಅಡಿಯ ಮಟ್ಟದವರೆಗೆ, ಸುಮಾರು 151 ಟಿಎಂಸಿ ನೀರಾಗಿ ನಿಂತಿತು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಅಲ್ಲಿದ್ದ ಕುಟುಂಬಗಳು ಜಿಲ್ಲೆಯ ಬೇರೆ ಬೇರೆ ಕಡೆ ನೆಲೆಸಬೇಕಾಯಿತು. ಅನೇಕರಿಗೆ ಕೊಟ್ಟದ್ದು ಅರಣ್ಯ ಭೂಮಿ. ಜಮೀನು ಸಿಕ್ಕರೂ ಹೆಸರಿಗೆ ಪಹಣಿ ಸಿಗಲಿಲ್ಲ ಎಂಬ ಮುಳುಗಡೆ ಸಂತ್ರಸ್ತರ ದೂರು ಇಂದಿಗೂ ಮುಗಿದಿಲ್ಲ. ಹಾಗಾಗಿ ಈ ಸೀಮೆಯಲ್ಲಿ ದಾಖಲೆ ಎಲ್ಲಿದೆ, ಅದರಲ್ಲಿ ಏನು ಬರೆದಿದೆ ಎಂಬುದು ಬದುಕಿನ ಪ್ರಶ್ನೆಯೇ ಆಗಿದೆ.

ಪಹಣಿ ಅಥವಾ ಆರ್‌ಟಿಸಿ ಒಂದೇ ಹಾಳೆಯ ಪತ್ರ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹತ್ತರಲ್ಲಿ ಹಕ್ಕು ಬಂದ ಬಗೆ ಮತ್ತು ಮ್ಯುಟೇಶನ್ ಸಂಖ್ಯೆ, ಹನ್ನೊಂದರಲ್ಲಿ ಸಾಲ ಮತ್ತಿತರ ಹೊಣೆ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತವೆ. ಬ್ಯಾಂಕಿನಿಂದ ಬೆಳೆಸಾಲ ಪಡೆಯಲು, ಕೋರ್ಟಿನಲ್ಲಿ ಜಾಮೀನು ನಿಲ್ಲಲು, ಆಸ್ತಿ ಮಾರಲು ಈ ಹಾಳೆ ಬೇಕೇ ಬೇಕು. ಕೈಬರಹದ ಕಾಲದಲ್ಲಿ ಗ್ರಾಮಲೆಕ್ಕಿಗರು ಸಿಕ್ಕ ದಿನವೇ ಪಹಣಿ ಸಿಗುವ ದಿನ. ಪುಸ್ತಕದ ಪ್ರತಿ ಒಂದೇ ಇದ್ದುದರಿಂದ ತಿದ್ದಿದ್ದು ಯಾರು, ಯಾವಾಗ ಎಂದು ಪತ್ತೆ ಹಚ್ಚುವುದು ಕಷ್ಟವಾಗಿತ್ತು. ಮಲೆನಾಡಿನ ತೇವ, ಗೆದ್ದಲು, ಬೂಷ್ಟು ಸೇರಿ ಕಾಗದದ ಆಯುಷ್ಯವನ್ನೂ ಕಡಿಮೆ ಮಾಡುತ್ತಿದ್ದವು.

ಈ ಸ್ಥಿತಿಯನ್ನು ಬದಲಿಸಿದ್ದು ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ ‘ಭೂಮಿ’ ಯೋಜನೆ. 2000ದ ಆಸುಪಾಸಿನ ಕೆಲವೇ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳು ಕಂಪ್ಯೂಟರ್‌ಗೆ ಏರಿದವು. 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯೋಸ್ಕ್‌ಗಳು ತೆರೆದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯ ಒಳಗೆ ಹೋಗಬೇಕಿತ್ತು. ಕೌಂಟರಿನ ಆಚೆ ನಿಂತ ರೈತರ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದರಿಂದ ಒಳಗೆ ಏನು ನಡೆಯುತ್ತಿದೆ ಎಂಬುದು ಅವರಿಗೂ ಕಾಣುತ್ತಿತ್ತು. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಪಾಡು ಹಾಕಿತು.

ಮೊದಲ ಹಂತದ ‘ಭೂಮಿ’ಯಲ್ಲಿ ಸರ್ವರ್ ತಾಲ್ಲೂಕು ಕಚೇರಿಯ ಒಳಗೇ ಇತ್ತು. ದೂರದ ಸಂಪರ್ಕವನ್ನು ನೆಚ್ಚಿಕೊಳ್ಳಲಾಗದ ಆ ಕಾಲಕ್ಕೆ ಇದು ಸರಿಯಾದ ಆಯ್ಕೆ. ಲೈನು ಕಡಿದರೂ ಸಾಗರದ ಕೆಲಸ ಸಾಗರದಲ್ಲೇ ನಡೆಯುತ್ತಿತ್ತು. ಆದರೆ ಪ್ರತಿ ತಾಲ್ಲೂಕಿನಲ್ಲೂ ಯುಪಿಎಸ್, ಜನರೇಟರ್, ಬ್ಯಾಕಪ್ ನೋಡಿಕೊಳ್ಳುವ ಜನ ಬೇಕಾದರು. ಒಂದು ತಾಲ್ಲೂಕಿನ ಪಹಣಿಯನ್ನು ಇನ್ನೊಂದು ತಾಲ್ಲೂಕಿನಲ್ಲಿ ಪಡೆಯಲು ದಾರಿಯಿರಲಿಲ್ಲ. ಮುಂದೆ ತಾಲ್ಲೂಕುಗಳ ದತ್ತಾಂಶವನ್ನು ಬೆಂಗಳೂರಿಗೆ ತಂದು ಜೋಡಿಸಲಾಯಿತು. 2006ರ ರಾಷ್ಟ್ರೀಯ ಇ-ಆಡಳಿತ ಯೋಜನೆ ಮೂರು ಕಂಬಗಳನ್ನು ನೆಟ್ಟಿತು: ರಾಜ್ಯವ್ಯಾಪಿ ಜಾಲ, ರಾಜ್ಯದ ಡೇಟಾ ಸೆಂಟರ್, ಹಳ್ಳಿಗಾಡಿನ ಸೇವಾ ಕೇಂದ್ರ. ಕರ್ನಾಟಕದಲ್ಲಿ ಕೆಸ್ವಾನ್ ಜಾಲ ಕಚೇರಿಗಳನ್ನು ಬೆಸೆಯಿತು. ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು ಬಂದವು, ಅವುಗಳ ಜಾಗಕ್ಕೆ 2012ರಲ್ಲಿ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ಪಹಣಿಗಾಗಿ ತಾಲ್ಲೂಕು ಕೇಂದ್ರದವರೆಗೆ ಹೋಗುವ ಅಗತ್ಯ ತಗ್ಗಿತು. ಅದರ ಜೊತೆಗೇ ಬೆಂಗಳೂರಿನ ಒಂದು ಕೋಣೆಯ ಯಂತ್ರ ನಿಂತರೆ ರಾಜ್ಯದ ಎಲ್ಲ ಕೌಂಟರುಗಳೂ ನಿಲ್ಲುವ ಸ್ಥಿತಿಯೂ ಬಂತು.

ಅಷ್ಟರಲ್ಲಿ ಯಂತ್ರ ಕೊಳ್ಳದೆಯೇ ಗಣಕಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ಪದ್ಧತಿ ಹೊರದೇಶದಲ್ಲಿ ಬೆಳೆದಿತ್ತು. ಅಮೆಜಾನ್ 2006ರಲ್ಲಿ ಸಂಗ್ರಹ ಮತ್ತು ವರ್ಚುವಲ್ ಸರ್ವರ್ ಸೇವೆಗಳನ್ನು ಆರಂಭಿಸಿತು. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಕೇಂದ್ರಗಳನ್ನು 2015ರಲ್ಲಿ ಭಾರತದಲ್ಲಿ ತೆರೆಯಿತು. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಗೆ ಬಂದವು. ಕೇಂದ್ರ ಸರ್ಕಾರ 2014ರ ಫೆಬ್ರವರಿಯಲ್ಲಿ ‘ಮೇಘರಾಜ್’ ಹೆಸರಿನ ರಾಷ್ಟ್ರೀಯ ಕ್ಲೌಡ್ ಆರಂಭಿಸಿತು. ನಂತರ ನಿಗದಿತ ಭದ್ರತಾ ಮಾನದಂಡ ಪೂರೈಸಿದ ಖಾಸಗಿ ಕಂಪನಿಗಳನ್ನೂ ಪಟ್ಟಿ ಮಾಡಿ, ಇಲಾಖೆಗಳು ಅವುಗಳಲ್ಲಿ ಆರಿಸಿಕೊಳ್ಳುವಂತೆ ಮಾಡಿತು.

ಕ್ಲೌಡ್‌ನ ಮುಖ್ಯ ಅನುಕೂಲ ಗೊತ್ತಾಗುವುದು ನೂಕುನುಗ್ಗಲಿನ ದಿನ. ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಯ ಗಡುವು ಮಳೆಗಾಲದಲ್ಲಿ ಬರುತ್ತದೆ. ಕೊನೆಯ ವಾರ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಬೆಳೆಗಾರರು ಒಟ್ಟಿಗೆ ಪಹಣಿಗೂ ವಿಮೆಯ ಪೋರ್ಟಲ್‌ಗೂ ಮುಗಿಬೀಳುತ್ತಾರೆ. 2023ರ ಜೂನ್‌ನಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾಸಿಂಧು ಪೋರ್ಟಲ್‌ನಲ್ಲಿ ಆರಂಭವಾದಾಗ ರಾಜ್ಯದಾದ್ಯಂತ ಇದೇ ಒತ್ತಡ ಕಂಡಿತು. ಸ್ವಂತ ಸರ್ವರ್ ಇಟ್ಟುಕೊಂಡವರು ಇಂಥ ಕೆಲವೇ ದಿನಗಳ ಬೇಡಿಕೆಗೆ ತಕ್ಕ ಯಂತ್ರ ಕೊಂಡು, ವರ್ಷದ ಉಳಿದ ದಿನ ಅದನ್ನು ಸುಮ್ಮನೆ ಉರಿಸಬೇಕು. ವಿದ್ಯುತ್ತಿನಲ್ಲಿ ಈ ಸಮಸ್ಯೆ ಹಿಂದೆಯೇ ಬಗೆಹರಿದಿದೆ. ಪ್ರತಿ ಗಿರಣಿಯೂ ಸ್ವಂತ ಜನರೇಟರ್ ಇಡುವ ಬದಲು ಲಿಂಗನಮಕ್ಕಿಯ ನೀರಿನಿಂದ ತಿರುಗುವ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರದಂಥ ದೊಡ್ಡ ಮೂಲಗಳು ಎಲ್ಲರ ಸಂಜೆಯ ಬೇಡಿಕೆಯನ್ನು ಒಟ್ಟಾಗಿ ಹೊರುತ್ತವೆ. ಕ್ಲೌಡ್‌ನ ಅರ್ಥಶಾಸ್ತ್ರವೂ ಅದೇ.

ಆದರೆ ಆಯ್ಕೆ ಅಲ್ಲಿಗೆ ಮುಗಿಯುವುದಿಲ್ಲ. ಬರೀ ಯಂತ್ರ ಬಾಡಿಗೆಗೆ ಪಡೆದರೆ ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಭದ್ರತಾ ತಿದ್ದುಪಡಿ ಎಲ್ಲವೂ ಪಡೆದವರ ತಲೆಯ ಮೇಲೆ. ಡೇಟಾಬೇಸ್ ಸಮೇತ ನಿರ್ವಹಣೆ ಕೊಡುವ ಸೇವೆಗೆ ದರ ಹೆಚ್ಚು, ದುಡಿಮೆ ಕಡಿಮೆ. ಆದರೆ ಅದೇ ಕಂಪನಿಯ ವಿಶೇಷ ಸೌಲಭ್ಯಗಳಿಗೆ ಒಗ್ಗಿಬಿಟ್ಟರೆ ನಾಳೆ ಬೇರೆಡೆಗೆ ಹೋಗುವುದು ದುಬಾರಿ. ಹೋಮ್‌ಸ್ಟೇ ನಡೆಸುವವರ ಅಥವಾ ಅಡಿಕೆ ಸಹಕಾರ ಸಂಘದ ಚಿಕ್ಕ ತಾಣಕ್ಕೆ ತಿಂಗಳಿಗೆ ನಿಗದಿ ದರದ ಸಣ್ಣ ಸರ್ವರ್ ಸಾಕು. ಬಳಸಿದಷ್ಟಕ್ಕೆ ಬಿಲ್ ಹಾಕುವ ಸೇವೆಯಲ್ಲಿ ಖರ್ಚಿಗೆ ಮಿತಿ ಹಾಕದಿದ್ದರೆ ಒಂದೇ ತಿಂಗಳ ಬಿಲ್ಲು ವರ್ಷದ ಲೆಕ್ಕವನ್ನು ಬುಡಮೇಲು ಮಾಡಬಹುದು. ಸರ್ವರ್ ಇರುವ ಊರೂ ಮುಖ್ಯ. ಸಾಗರದಿಂದ ಮುಂಬೈಗೆ ಹೋಗಿಬರಲು ಒಂದು ಕೋರಿಕೆಗೆ ಹತ್ತಾರು ಮಿಲಿಸೆಕೆಂಡು ಸಾಕು, ಅಮೆರಿಕದ ಪೂರ್ವ ತೀರಕ್ಕಾದರೆ 200 ದಾಟುತ್ತದೆ. ಒಂದು ಪುಟ ತೆರೆಯಲು ಹತ್ತಾರು ಕೋರಿಕೆಗಳು ಬೇಕಾದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಾನೂನೂ ಇದೆ. ಪಾವತಿಯ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿತು, ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲಿ ಬಂತು. ಯಂತ್ರ ಎಷ್ಟೇ ಹಿಗ್ಗಿದರೂ ದುರುದ್ದೇಶದ ದಾಳಿಗೆ ಬೇರೆ ಕಾವಲು ಬೇಕು ಎಂಬುದನ್ನು 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್ ಮೇಲೆ ಬಾಟ್‌ಗಳಿಂದ ನಡೆದ ಸುಳ್ಳು ಕೋರಿಕೆಗಳ ದಾಳಿ ತೋರಿಸಿತು.

ಇಷ್ಟೆಲ್ಲ ಸರಿಯಾದ ಮೇಲೂ ನಾಡಕಚೇರಿಯ ಕೌಂಟರಿನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳುತ್ತದೆ. ಆ ಒಂದು ಮಾತಿನ ಹಿಂದೆ ಹಲವು ಬೇರೆ ಬೇರೆ ತೊಂದರೆಗಳಿರಬಹುದು: ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗಿರಬಹುದು, ಯುಪಿಎಸ್ ಬ್ಯಾಟರಿ ಮುಗಿದಿರಬಹುದು, ರಸ್ತೆ ಅಗೆದಾಗ ಕೇಬಲ್ ತುಂಡಾಗಿರಬಹುದು, ತಂತ್ರಾಂಶವೇ ಸೋತಿರಬಹುದು, ಅಥವಾ ನಿಜವಾಗಿಯೂ ಡೇಟಾ ಸೆಂಟರ್ ಕೈಕೊಟ್ಟಿರಬಹುದು. ಕ್ಲೌಡ್ ಬಗೆಹರಿಸುವುದು ಕೊನೆಯದನ್ನು ಮಾತ್ರ. 2020ರ ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಆಗ ಕೊರತೆಯಿದ್ದುದು ದೂರದ ಸರ್ವರ್‌ನಲ್ಲಲ್ಲ, ಊರಿನಿಂದ ಟವರ್‌ವರೆಗಿನ ಕೊನೆಯ ಕೆಲವು ಮೈಲಿಯಲ್ಲಿ.

ಆದ್ದರಿಂದ ಈ ಸೀಮೆಗೆ ಹೊಂದುವ ಅಪ್ಲಿಕೇಶನ್ ಸಂಪರ್ಕ ಕಡಿದಾಗಲೂ ಕೆಲಸ ಮಾಡುವಂತಿರಬೇಕು. ರೈತರು ಹೊಲದಲ್ಲೇ ಬೆಳೆಯ ಫೋಟೊ ತೆಗೆದು ಮೊಬೈಲ್‌ನಲ್ಲಿ ಉಳಿಸಿಕೊಂಡು, ನೆಟ್‌ವರ್ಕ್ ಸಿಕ್ಕಾಗ ಕಳಿಸುವ ಬೆಳೆ ಸಮೀಕ್ಷೆಯ ಆ್ಯಪ್ ಇದೇ ತಿಳಿವಳಿಕೆಯಿಂದ ಬಂದದ್ದು. ಪುಟ ಹಗುರವಾಗಿರುವುದು, ಅರ್ಧಕ್ಕೆ ನಿಂತ ಅರ್ಜಿ ಅಳಿಸಿಹೋಗದಿರುವುದು, ಕಟ್ಟಿದ ಹಣಕ್ಕೆ ರಶೀದಿ ತಪ್ಪದಿರುವುದು, ಇವು ಹೋಸ್ಟಿಂಗ್ ಕಂಪನಿಯ ಹೆಸರಿಗಿಂತ ಹೆಚ್ಚು ತೂಕದ ವಿಷಯಗಳು. ಕಂದಾಯ ಇಲಾಖೆ ಈಗ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡಿಸುತ್ತಿದೆ. ಆ ಚಿತ್ರಗಳಿಗೆ ದೊಡ್ಡ ಸಂಗ್ರಹ ಬೇಕು, ಬೇರೆ ಊರಿನಲ್ಲಿ ಇನ್ನೊಂದು ಪ್ರತಿಯೂ ಬೇಕು. ಇಂಥ ಕೆಲಸಕ್ಕೆ ಕ್ಲೌಡ್ ಹೇಳಿಮಾಡಿಸಿದ್ದು. ಆದರೆ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರು ಬರಬೇಕೆಂಬುದನ್ನು ತೀರ್ಮಾನಿಸುವುದು ಕಾನೂನು ಮತ್ತು ಆಡಳಿತ. ಅವು ಬರೆದದ್ದನ್ನು ಕೆಡದಂತೆ ಕಾಯುವುದು, ಕೇಳಿದವರಿಗೆ ಕೇಳಿದಾಗ ಕೊಡುವುದು, ಸರ್ವರ್ ಎಲ್ಲಿದ್ದರೂ ಅದರ ಕೆಲಸ ಇಷ್ಟೆ.