ನಿಂತ ನೆಲದ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನು ಬರೆಯಲಿ ಎಂದು ಯೋಚಿಸುವಾಗ ನಮ್ಮ ಸಮಾಜ ವಿಜ್ಞಾನದ ಮಾಸ್ತರರ ಮಾತು ನೆನಪಾಯಿತು. ಚರಿತ್ರೆ ರಾಜರಿಗಷ್ಟೇ ಅಲ್ಲ, ನೀವು ನಿಂತ ನೆಲಕ್ಕೂ ಇದೆ ಎನ್ನುತ್ತಿದ್ದರು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನನಗೆ ಅದು ಅರ್ಥವಾದದ್ದು 2024ರ ಜುಲೈ 16ರಂದು.

ಅಂದು ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿ ಹೊಳೆಗೆ ಬಿತ್ತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹೊಳೆಯ ತಳದಿಂದ ಒಂದು ಲಾರಿ ಮತ್ತು ಅದರ ಚಾಲಕನ ದೇಹ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಹಬ್ಬಕ್ಕೆ ನಾನು ಊರಿಗೆ ಬರುವ ದಾರಿ ಅದೇ.

ಇದು ಮೊದಲನೆಯದಲ್ಲ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಮಂದಿ ತೀರಿಕೊಂಡರು. ನಮ್ಮ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಕೆಳಗೆ ಮೆತ್ತನೆಯ ಶೇಡಿಮಣ್ಣು. ಬಿಡದೆ ಮಳೆ ಹೊಯ್ದರೆ ಶೇಡಿಮಣ್ಣು ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ. ಬುಡವನ್ನು ನೆಟ್ಟಗೆ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆಯೇ ಇರುವುದಿಲ್ಲ.

ಕಡಲಿನ ಕಥೆಯೂ ಇದಕ್ಕೆ ಸೇರಿದ್ದೇ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿತು. ದೇಶದ ಕರಾವಳಿಯ ಮೂರನೇ ಒಂದು ಭಾಗ ಕೊರೆಯುತ್ತಿದೆ, ಕಾಲು ಭಾಗಕ್ಕಿಂತ ತುಸು ಹೆಚ್ಚು ಬೆಳೆಯುತ್ತಿದೆ ಎಂದು ತಿಳಿಯಿತು. ಗುಡ್ಡದಿಂದ ಹೊಳೆ ತರುವ ಮರಳೇ ಕಡಲ ದಂಡೆಗೆ ಆಧಾರ. ಅಣೆಕಟ್ಟೆಯಲ್ಲಿ ಅದು ತಡೆದು ನಿಂತರೆ, ಅಥವಾ ನಾವೇ ಅದನ್ನು ಅತಿಯಾಗಿ ತೆಗೆದರೆ, ದಂಡೆ ಬಡವಾಗುತ್ತದೆ. ಒಂದು ಕಡೆ ಕಲ್ಲಿನ ಗೋಡೆ ಕಟ್ಟಿದರೆ ಕೊರೆತ ಪಕ್ಕದ ಕೇರಿಗೆ ಹೋಗುವುದೂ ಉಂಟು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಲ್ಲಿ ದೇಶದ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡುವ ಕೆಲಸ ಕೈಗೆತ್ತಿಕೊಂಡಿತು. ಶಿರೂರು ದುರಂತವಾಗಿ ಮೂರನೇ ದಿನಕ್ಕೆ, ಜುಲೈ 19ರಂದು, ಕೋಲ್ಕತ್ತಾದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರದ ಉದ್ಘಾಟನೆಯಾಯಿತು. ಒಳ್ಳೆಯ ಕೆಲಸವೇ. ಆದರೆ ಆ ನಕ್ಷೆಯ ಪ್ರಮಾಣ 1:50,000. ಅಂದರೆ ನೂರು ಮೀಟರಿನ ನಮ್ಮ ಶಾಲೆಯ ಮೈದಾನ ಅದರಲ್ಲಿ ಎರಡು ಮಿಲಿಮೀಟರ್. ಮೈದಾನಕ್ಕಾಗಿ ಕಡಿದ ಹಿಂದಿನ ಧರೆ ಅಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕಾದವರು ನಾವೇ.

ಆ ಧರೆಯ ನೆರಳಲ್ಲೇ ನಾನು ಕಬಡ್ಡಿ ಆಡಿದ್ದೇನೆ. ಈಗ ಅಲ್ಲಿ ನಮ್ಮ ಊರಿನ ಮಕ್ಕಳು ಆಡುತ್ತಾರೆ. ಹಾಗಾಗಿ ಒಂದು ವಿನಂತಿ. ಶಾಲೆಯಲ್ಲಿ ಒಂದು ಮಳೆಮಾಪಕ, ಒಂದು ದಾಖಲೆ ಪುಸ್ತಕ ಇಡೋಣ. ದಿನದ ಮಳೆ, ಧರೆಯ ಮೇಲಿನ ಬಿರುಕು, ವಾಲಿದ ಮರ, ಹೊಸದಾಗಿ ಜಿನುಗುವ ಕೆಸರು ನೀರು, ಇವನ್ನು ಮಕ್ಕಳೇ ದೂರದಿಂದ ನೋಡಿ ಬರೆಯಲಿ. ಅಂಥದ್ದು ಕಂಡ ದಿನ ಮೈದಾನ ಮುಚ್ಚಿ, ತಾಲೂಕು ಕಚೇರಿಗೆ ತಿಳಿಸೋಣ. ಯಾವ ವರ್ಷ ಎಲ್ಲಿ ಧರೆ ಜರಿದಿತ್ತು, ಅಳಿವೆ ಎಲ್ಲಿತ್ತು ಎಂದು ಊರಿನ ಹಿರಿಯರು ಹೇಳಿ ಬರೆಸಲಿ. ಮಳೆಮಾಪಕ ಮತ್ತು ಪುಸ್ತಕದ ಖರ್ಚು ನನ್ನದು.

ಐವತ್ತು ವರ್ಷ ಈ ಶಾಲೆ ನಮಗೆ ಓದಲು, ಬರೆಯಲು ಕಲಿಸಿದೆ. ಇನ್ನು ಆ ಅಕ್ಷರದಲ್ಲಿ ನಮ್ಮ ನೆಲದ ಚರಿತ್ರೆಯನ್ನೂ ಬರೆದಿಡೋಣ. ಬರುವ ಮಳೆಗಾಲಕ್ಕೆ ಮೊದಲೇ ಶುರುವಾಗಲಿ.