ಹಂಚಿನ ಮೇಲೊಂದು ಹೆಸರು, ಫೋನಿನೊಳಗೊಂದು ಪುಟ

ಕೊಕ್ಕಡದ ಹತ್ತಿರದ ಒಂದು ಮನೆಯವರ ಹಲಸಿನ ಹಪ್ಪಳಕ್ಕೆ ನಾವು ಒಂದು ವೆಬ್‌ಸೈಟು ಮಾಡಿಕೊಟ್ಟೆವು. ಮೊದಲ ಪುಟದಲ್ಲಿ ಜಲಪಾತದ ದೊಡ್ಡ ಫೋಟೋ, ಕೆಳಗೆ ‘ಸುಸ್ವಾಗತ’, ಆಮೇಲೆ ಪ್ರಕೃತಿಯ ಮಡಿಲಿನ ಬಗ್ಗೆ ಮೂರು ಪ್ಯಾರಾ. ಫೋನ್ ನಂಬರು ಬೇಕಾದರೆ ಬೇರೆ ಪುಟಕ್ಕೆ ಹೋಗಬೇಕು. ದರ ಎಲ್ಲಿಯೂ ಇಲ್ಲ. ಮೊಬೈಲಿನಲ್ಲಿ ಅದನ್ನು ನೋಡಿದ ಆ ಮನೆಯ ಅಕ್ಕ ಕೇಳಿದ್ದು ಒಂದೇ: ‘ಇದರಲ್ಲಿ ಹಪ್ಪಳ ಎಲ್ಲುಂಟು ಮಾರಾಯ್ರೆ?’

ಮಳೆ ಹಿಡಿಯುವ ಮೊದಲು ಒಣಗಿಸಿದ ಹಪ್ಪಳ ಅದು. ಫೋನು ಬರಲಿಲ್ಲ. ಉಳಿದದ್ದೆಲ್ಲ ಅಂಗಡಿಯವರು ಹೇಳಿದ ದರಕ್ಕೇ ಹೋಯಿತು. ಪತ್ರಿಕೋದ್ಯಮ ಕಲಿತ ನಮಗೆ ನಾಚಿಕೆಯಾಯಿತು. ಏನನ್ನು ಮೊದಲು ಹೇಳಬೇಕು, ಏನನ್ನು ಆಮೇಲೆ ಎನ್ನುವ ಪಾಠ ನಮ್ಮ ಜಿಲ್ಲೆಗೆ ಹೊಸತಲ್ಲವಲ್ಲ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಹಂಚುತ್ತಿದ್ದರು. ಪತ್ರಿಕೆ ಅಂದರೇನೆಂದೇ ಗೊತ್ತಿಲ್ಲದ ಓದುಗರು. ಹಾಗಾಗಿ ಒಳಗೆ ಏನೇನಿದೆ ಎಂಬುದನ್ನು ವಿಂಗಡಿಸಿ ಇಟ್ಟರು: ಊರ ಸುದ್ದಿ ಒಂದು ಕಡೆ, ಸರಕಾರದ ನಿರೂಪ ಒಂದು ಕಡೆ, ಬೇರೆ ರಾಜ್ಯಗಳ ವರ್ತಮಾನ, ಕಥೆ ಬೇರೆ. ಇವತ್ತು ವೆಬ್‌ಸೈಟಿನ ‘ಮೆನು’ ಅನ್ನುತ್ತೇವಲ್ಲ, ಅದರ ಕೆಲಸವೂ ಇದೇ.

1865ರಲ್ಲಿ ಅದೇ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಮ್ಮ ಕಡೆ ಹಳೆಯ ಮನೆ ಬಿಚ್ಚುವಾಗ ಕೆಲವೊಮ್ಮೆ ಆ ಹಂಚು ಸಿಗುತ್ತದೆ. ಅದರ ಮೇಲೆ ಮಾಡಿದವರ ಹೆಸರು, ಊರು, ಇಸವಿ ಒತ್ತಿರುತ್ತದೆ. ಹೊಗಳಿಕೆಗೆ ಅಲ್ಲಿ ಜಾಗವೇ ಇಲ್ಲ. ಇನ್ನೊಂದು ನೂರು ಹಂಚು ಬೇಕಾದವನಿಗೆ ಅಷ್ಟು ಸಾಕಿತ್ತು.

1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಶುರುವಾಯಿತು. ಶ್ರೀಪಡ್ರೆಯವರು ಕೃಷಿಕರ ಕೈಗೇ ಲೇಖನಿ ಕೊಡಬೇಕೆಂದು ಹೊರಟವರು. ತೋಟದಲ್ಲಿ ಮಾಡಿ ನೋಡಿದವರೇ ಬರೆಯಬೇಕು. ಲೇಖನದ ಜೊತೆ ಆ ಕೃಷಿಕರನ್ನು ಸಂಪರ್ಕಿಸುವ ವಿವರವೂ ಇರಬೇಕು. ಓದಿದವರು ನೇರವಾಗಿ ವಿಚಾರಿಸಬಹುದು. ನಡುವೆ ಯಾರೂ ಬೇಡ.

ಮೂರು ವರ್ಷದ ಮೇಲೆ, 1991ರಲ್ಲಿ, ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್‌ಸೈಟನ್ನು ಎಲ್ಲರಿಗೂ ತೆರೆದರು. ಅದರಲ್ಲಿ ಒಂದು ಫೋಟೋವೂ ಇರಲಿಲ್ಲ. ಇದು ಏನು, ಇದರ ಹಿಂದೆ ಯಾರಿದ್ದಾರೆ, ಸಹಾಯ ಹೇಗೆ ಸಿಗುತ್ತದೆ: ಸಾಲುಸಾಲಾಗಿ ಅಷ್ಟೇ. ಮಂಗಳೂರ ಸಮಾಚಾರದ ಓದುಗರ ಹಾಗೆ ಇವರಿಗೂ ಆ ವಸ್ತು ಹೊಸತು, ಅದಕ್ಕೇ ಮೊದಲು ವಿವರ.

ಇಷ್ಟೆಲ್ಲ ಗೊತ್ತಿದ್ದೂ ನಾವು ಜಲಪಾತ ಹಾಕಿದ್ದೆವು!

ಎರಡನೇ ಸಲ ಕಂಪ್ಯೂಟರ್ ಮುಟ್ಟುವ ಮೊದಲು ಅಕ್ಕನ ಜಗಲಿಯಲ್ಲಿ ಕುಳಿತು ಕೇಳಿದೆವು: ಹಪ್ಪಳ ಕೇಳಿಕೊಂಡು ಬಂದವರು ಮೊದಲು ಏನು ಕೇಳುತ್ತಾರೆ? ಅವರು ಹೇಳಿದ ಕ್ರಮದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಕಟ್ಟಿನಲ್ಲಿ ಎಷ್ಟು ಹಪ್ಪಳ, ದರ ಎಷ್ಟು? ಖಾರದ್ದು ಉಂಟಾ? ಈ ವರ್ಷದ್ದೋ, ಕಳೆದ ವರ್ಷದ್ದೋ? ಬೆಂಗಳೂರಿಗೆ ಕಳಿಸುತ್ತೀರಾ? ಮನೆಗೆ ದಾರಿ ಹೇಗೆ?

ಅದೇ ಹೊಸ ಪುಟದ ಕ್ರಮವಾಯಿತು. ಮೇಲೆ ಹಪ್ಪಳದ ಫೋಟೋ, ದರ, ಒತ್ತಿದರೆ ಕರೆ ಹೋಗುವ ನಂಬರು, ಮಾತಾಡಲು ಸಿಗುವ ಹೊತ್ತು. ಅದರ ಕೆಳಗೆ ಬಗೆಗಳು, ಪಾರ್ಸೆಲಿನ ವಿಷಯ, 14 ಅಂಕಿಯ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ಕೊಕ್ಕಡ ಪೇಟೆಯಿಂದ ಮನೆಗೆ ದಾರಿ. ಮನೆಯವರ ಕಥೆ ಕೊನೆಗೆ, ನಾಲ್ಕೇ ಸಾಲು. ಸ್ಟಾಕು ಮುಗಿದರೆ ‘ಮುಗಿದಿದೆ, ಮುಂದಿನ ಹಲಸಿಗೆ ಕಾಯಿರಿ’ ಎಂದು ಅಕ್ಕನೇ ಬದಲಿಸಬಹುದು. ಇಲ್ಲದ ಮಾಲಿಗೆ ಫೋನು ಮಾಡಿಸಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ ಎಂದು ಹೇಳಿದ್ದೂ ಅವರೇ.

ಜೇನು, ಉಪ್ಪಿನಕಾಯಿ, ಹೊಲಿಗೆ, ನರ್ಸರಿ, ನಿಮ್ಮದು ಯಾವುದೇ ಇರಲಿ, ವೆಬ್‌ಸೈಟು ಮಾಡುವವರಿಗೆ ಮುಂಗಡ ಕೊಡುವ ಮೊದಲು ಒಂದು ವಾರ ಬಂದ ಗಿರಾಕಿಗಳ ಪ್ರಶ್ನೆಗಳನ್ನು ಬರೆದಿಡಿ. ಅವರು ‘ಕಂಟೆಂಟ್ ಕೊಡಿ’ ಎಂದಾಗ ಆ ಹಾಳೆಯನ್ನೇ ಕೊಡಿ. ಜಲಪಾತದ ಫೋಟೋ ಹಾಕೋಣ ಎಂದರೆ, ಬೇಡ ಎನ್ನಿ.