ವಾರಸುದಾರರಿಲ್ಲದ ಗಂಟು

1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರ ಸಾರಿಗೆಗೆ ಕೈಹಾಕಿತು. ಮಡಿಕೇರಿ ರಸ್ತೆಯಲ್ಲಿ, ಕಾವೇರಿಯ ಈಚೆ ದಡದಲ್ಲಿರುವ ಕೊಪ್ಪದಂಥ ಊರುಗಳಲ್ಲಿ ಕಿಟಕಿಯಿಂದ ತೂರಿಸಿದ ಟವೆಲೇ ಸೀಟಿನ ಕ್ರಯಪತ್ರ. ಒಡೆಯ ಕಾಫಿ ಕುಡಿದು ಬರುವವರೆಗೆ ಅದನ್ನು ಮುಟ್ಟುವವರಿರಲಿಲ್ಲ. ಗಂಟುಮೂಟೆಗೂ ಅದೇ ಮರ್ಯಾದೆ.

ಈಗಲೋ, ಒಡೆಯನಿಲ್ಲದ ಚೀಲ ಕಂಡರೆ ಪೊಲೀಸರಿಗೆ ತಿಳಿಸಿರೆಂಬ ಸೂಚನೆ. ಅದು ವ್ಯರ್ಥವೆನ್ನಲಾಗದು. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಚೀಲದಲ್ಲಿ ಸ್ಫೋಟಕವಿತ್ತು. ಕಾವಲಿನವರು ಕಂಡುಹಿಡಿದರು, ಕೆಂಜಾರಿನ ಬಯಲಿಗೊಯ್ದು ಸಿಡಿಸಿದರು. ಯಾರಿಗೂ ಗಾಯವಾಗಲಿಲ್ಲ.

ಆದರೆ 2022ರ ನವೆಂಬರ್ 19ರಂದು ಅದೇ ನಗರದ ಆಟೋರಿಕ್ಷಾದಲ್ಲಿ ಸಿಡಿದ ಕುಕ್ಕರಿಗೆ ವಾರಸುದಾರನಿದ್ದ. ಮೈಸೂರಿನಿಂದ ಬಸ್ಸಿನಲ್ಲಿ ಬಂದವನೆಂದು ಪೊಲೀಸರು ಹೇಳಿದರು. ಚೀಲ ಅವನ ಬಳಿಯೇ ಇತ್ತು. ಸಂಶಯಪಡಲು ಯಾರಿಗೂ ಎಡೆಯಿರಲಿಲ್ಲ. ಏನೂ ಅರಿಯದ ಚಾಲಕನಿಗೂ ಸುಟ್ಟಗಾಯಗಳಾದವು.